ಎದೆಯ ಸದ್ದಿಗೆ ಕಿವಿಗೊಟ್ಟ ಲೆನೆಕ್

ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ನಿಮ್ಮ ಹೆಸರು ಆಯ್ಕೆಯಾಗಿದೆ ಎಂದುಕೊಳ್ಳಿ. ಆಟಕ್ಕೆ ಮೊದಲು ವೈದ್ಯರು ಬಂದು ನಿಮ್ಮನ್ನೆಲ್ಲ ಪರೀಕ್ಷಿಸುತ್ತಾರೆ. ಮೊದಲು ಎತ್ತರ, ತೂಕ. ಆಮೇಲೆ ಒಂದೊಂದೇ ಕಣ್ಣು ಮುಚ್ಚಿಸಿ ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸುತ್ತಾರೆ. ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ ರಕ್ತದೊತ್ತಡ ಅಳೆಯುತ್ತಾರೆ. ಪಟ್ಟಿ ಬಿಗಿಯಾಗುತ್ತದೆ, ಅಷ್ಟೆ. ಮಂಡಿ, ಪಾದಗಳನ್ನು ಬಾಗಿಸಿ ನೋಡುತ್ತಾರೆ. ಸಾಮಾನ್ಯವಾಗಿ ಇದರಲ್ಲಿ ಚುಚ್ಚುಮದ್ದು ಇರುವುದಿಲ್ಲ, ಹೆದರಬೇಡಿ! ಕೊನೆಗೆ ಸ್ಟೆತಸ್ಕೋಪಿನ ತಣ್ಣನೆಯ ಬಿಲ್ಲೆಯನ್ನು ನಿಮ್ಮ ಎದೆಯ ಮೇಲಿಡುತ್ತಾರೆ. ಆಗ ವೈದ್ಯರು ಮಾತನಾಡುವುದಿಲ್ಲ. ನೀವೂ ಮಾತನಾಡುವಂತಿಲ್ಲ.

ಆ ಮೌನದಲ್ಲಿ ಅವರಿಗೆ ಏನು ಕೇಳಿಸುತ್ತದೆ? ಎದೆಯ ಸದ್ದುಗಳಿಗೆ ಅರ್ಥವಿದೆ ಎಂದು ಮೊದಲಿಗೆ ಸರಿಯಾಗಿ ತಿಳಿಸಿಕೊಟ್ಟವರು ಫ್ರಾನ್ಸ್ ದೇಶದ ವೈದ್ಯ ರೆನೆ ಲೆನೆಕ್.

ಲೆನೆಕ್ ಹುಟ್ಟಿದ್ದು 1781ರ ಫೆಬ್ರವರಿ 17ರಂದು, ಫ್ರಾನ್ಸಿನ ಪಶ್ಚಿಮ ತುದಿಯಲ್ಲಿರುವ ಬ್ರಿಟನಿ ಪ್ರಾಂತ್ಯದಲ್ಲಿ. ಐದು ವರ್ಷದವನಿದ್ದಾಗಲೇ ತಾಯಿ ತೀರಿಕೊಂಡರು. ತಂದೆ ವಕೀಲರು. ಅವರಿಗೆ ಕವಿತೆಯ ಗೀಳು ಹೆಚ್ಚು, ಮಕ್ಕಳ ಕಡೆ ಗಮನ ಕಡಿಮೆ. ಹೀಗಾಗಿ ಹುಡುಗ ಬೆಳೆದದ್ದು ನಾಂತ್ ಎಂಬ ಊರಿನಲ್ಲಿದ್ದ ಚಿಕ್ಕಪ್ಪ ಗಿಯೋಮ್ ಅವರ ಮನೆಯಲ್ಲಿ. ಚಿಕ್ಕಪ್ಪ ವೈದ್ಯರು. ಅದು ಫ್ರಾನ್ಸಿನ ಕ್ರಾಂತಿಯ ಕಾಲ. ಊರಿನ ಆಸ್ಪತ್ರೆಗಳಲ್ಲಿ ಗಾಯಾಳುಗಳೂ ರೋಗಿಗಳೂ ತುಂಬಿದ್ದರು. ನಿಮ್ಮಲ್ಲಿ ಕೆಲವರಿಗಿಂತ ಒಂದೆರಡು ವರ್ಷ ಮಾತ್ರ ದೊಡ್ಡವನಾಗಿದ್ದ ರೆನೆ ಅಲ್ಲಿಯೇ ಚಿಕಿತ್ಸೆಯ ಕೆಲಸ ಕಲಿಯಲು ಆರಂಭಿಸಿದ. ಕೊಳಲು ನುಡಿಸುವುದೆಂದರೆ ಅವನಿಗೆ ಬಲು ಇಷ್ಟ. ಸೂಕ್ಷ್ಮ ಸ್ವರಗಳನ್ನು ಗುರುತಿಸುವ ಆ ಕಿವಿ ಮುಂದೆ ಆಸ್ಪತ್ರೆಯಲ್ಲೂ ನೆರವಿಗೆ ಬಂದಿರಬೇಕು!

1801ರಲ್ಲಿ ಲೆನೆಕ್ ಪ್ಯಾರಿಸ್ಸಿಗೆ ಹೋಗಿ ವೈದ್ಯವಿದ್ಯೆ ಮುಂದುವರಿಸಿದರು. ಮುಂದೆ ಚಕ್ರವರ್ತಿ ನೆಪೋಲಿಯನ್ನನ ವೈದ್ಯರಾದ ಕೊರ್ವಿಸಾರ್ ಅವರ ಗುರು. ರೋಗಿಯ ಎದೆಯನ್ನು ಬೆರಳಿನಿಂದ ತಟ್ಟಿ ನೋಡುವುದನ್ನು ಕೊರ್ವಿಸಾರ್ ಶಿಷ್ಯರಿಗೆ ಕಲಿಸುತ್ತಿದ್ದರು. ನಮ್ಮ ಸಂತೆಯಲ್ಲಿ ತೆಂಗಿನಕಾಯಿಯನ್ನೋ ಹಲಸಿನ ಹಣ್ಣನ್ನೋ ತಟ್ಟಿ ನೋಡುವುದಿಲ್ಲವೇ, ಹಾಗೆಯೇ. ಗಾಳಿ ತುಂಬಿದ ಶ್ವಾಸಕೋಶ ಒಂದು ಬಗೆಯ ಸದ್ದು ಕೊಟ್ಟರೆ, ನೀರು ತುಂಬಿದ್ದು ಇನ್ನೊಂದು ಬಗೆಯ ಸದ್ದು ಕೊಡುತ್ತದೆ. 1761ರಲ್ಲಿ ಈ ವಿಧಾನವನ್ನು ಪ್ರಕಟಿಸಿದ ಔಯೆನ್‌ಬ್ರುಗರ್ ಎಂಬ ವೈದ್ಯರ ತಂದೆ ಆಸ್ಟ್ರಿಯಾದಲ್ಲಿ ಛತ್ರ ನಡೆಸುತ್ತಿದ್ದರು. ಅಲ್ಲಿ ಪೀಪಾಯಿಗಳನ್ನು ತಟ್ಟಿ ಒಳಗೆಷ್ಟು ದ್ರಾಕ್ಷಾರಸವಿದೆ ಎಂದು ತಿಳಿಯುವುದನ್ನು ಅವರು ಕಂಡಿದ್ದರಂತೆ.

ಇನ್ನೊಂದು ದಾರಿ ರೋಗಿಯ ಎದೆಗೆ ನೇರವಾಗಿ ಕಿವಿಯಿಡುವುದು. ಇದು ಪ್ರಾಚೀನ ಗ್ರೀಕರಿಗೂ ಗೊತ್ತಿತ್ತು. ಆದರೆ ಇದು ವೈದ್ಯರಿಗೂ ರೋಗಿಗೂ ಮುಜುಗರದ ಕೆಲಸ. ದಪ್ಪ ದೇಹದವರಲ್ಲಿ ಸದ್ದೂ ಸರಿಯಾಗಿ ಕೇಳದು.

1816ರಲ್ಲಿ ಲೆನೆಕ್ ಪ್ಯಾರಿಸ್ಸಿನ ನೆಕೆರ್ ಆಸ್ಪತ್ರೆಯ ವೈದ್ಯರಾದರು. ಅದೇ ವರ್ಷ ಹೃದಯದ ತೊಂದರೆಯಿದ್ದ ಒಬ್ಬ ಯುವತಿ ಅವರ ಬಳಿ ಬಂದಳು. ಮೈ ದಪ್ಪವಾಗಿದ್ದರಿಂದ ತಟ್ಟಿ ನೋಡಿ ಪ್ರಯೋಜನವಾಗಲಿಲ್ಲ. ಎದೆಗೆ ಕಿವಿಯಿಡಲು ಸಂಕೋಚ. ಏನು ಮಾಡುವುದು? ಆಗ ಅವರಿಗೆ ಒಂದು ಸಂಗತಿ ನೆನಪಾಯಿತು. ಮರದ ತೊಲೆಯ ಒಂದು ತುದಿಯಲ್ಲಿ ಗುಂಡುಸೂಜಿಯಿಂದ ಗೀರಿದರೆ, ಇನ್ನೊಂದು ತುದಿಗೆ ಕಿವಿಯಿಟ್ಟವರಿಗೆ ಅದು ಸ್ಪಷ್ಟವಾಗಿ ಕೇಳುತ್ತದೆ. ಮಕ್ಕಳು ಹೀಗೆ ಆಡುವುದನ್ನು ಅವರು ನೋಡಿದ್ದರೆಂಬ ಕತೆಯೂ ಇದೆ. ಲೆನೆಕ್ ಕೆಲವು ಕಾಗದದ ಹಾಳೆಗಳನ್ನು ಬಿಗಿಯಾಗಿ ಸುರುಳಿ ಸುತ್ತಿದರು. ಒಂದು ತುದಿಯನ್ನು ಯುವತಿಯ ಎದೆಯ ಮೇಲಿಟ್ಟು ಇನ್ನೊಂದಕ್ಕೆ ಕಿವಿಗೊಟ್ಟರು. ನೇರವಾಗಿ ಕಿವಿಯಿಟ್ಟಾಗ ಕೇಳುವುದಕ್ಕಿಂತಲೂ ಸ್ಪಷ್ಟವಾಗಿ ಹೃದಯದ ಬಡಿತ ಕೇಳಿಸಿತು!

ಇದನ್ನು ನೀವೂ ಮಾಡಿ ನೋಡಬಹುದು. ತರಗತಿಯ ಉದ್ದ ಬೆಂಚಿನ ಒಂದು ತುದಿಗೆ ಕಿವಿಯಿಡಿ. ಇನ್ನೊಂದು ತುದಿಯಲ್ಲಿ ಗೆಳೆಯ ಉಗುರಿನಿಂದ ಮೆಲ್ಲಗೆ ಗೀರಲಿ. ಬಳಿಕ ಹಳೆಯ ನೋಟ್‌ಬುಕ್ಕನ್ನು ಸುರುಳಿ ಸುತ್ತಿ ಗೆಳೆಯನ ಎದೆಯ ಎಡಭಾಗಕ್ಕೆ ಹಿಡಿದು ಕೇಳಿ. ಅವನು ಮೈದಾನವನ್ನು ಒಂದು ಸುತ್ತು ಓಡಿ ಬಂದ ಮೇಲೆ ಮತ್ತೊಮ್ಮೆ ಕೇಳಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ಕಾಗದದ ಸುರುಳಿ ಬೇಗ ಹಾಳಾಗುತ್ತದೆ. ಲೆನೆಕ್ ಹಲವು ವಸ್ತುಗಳನ್ನು ಪರೀಕ್ಷಿಸಿ ಕೊನೆಗೆ ಮರವನ್ನು ಆರಿಸಿಕೊಂಡರು. ಅವರು ತಾವೇ ಮರ ಕಡೆದು ಮಾಡಿದ ಕೊಳವೆ ಸುಮಾರು ಒಂದು ಅಡಿ ಉದ್ದ, ಒಂದೂವರೆ ಅಂಗುಲ ದಪ್ಪವಿತ್ತು. ನಡುವೆ ಸಣ್ಣ ರಂಧ್ರ. ಗ್ರೀಕ್ ಭಾಷೆಯಲ್ಲಿ ಎದೆ ಎಂಬ ಪದಕ್ಕೆ ನೋಡು ಎಂಬ ಪದವನ್ನು ಸೇರಿಸಿ ಅದಕ್ಕೆ ಸ್ಟೆತಸ್ಕೋಪ್ ಎಂದು ಹೆಸರಿಟ್ಟರು. ಕೇಳುವ ಸಾಧನಕ್ಕೆ ನೋಡುವ ಹೆಸರು! ಅವರ ಉದ್ದೇಶವೂ ಅದೇ ಆಗಿತ್ತು, ಎದೆಯನ್ನು ಕೊಯ್ಯದೆ ಒಳಗಿರುವುದನ್ನು ಕಾಣುವುದು.

ಕೊಳವೆ ಮಾಡಿದ್ದು ದೊಡ್ಡ ಮಾತಲ್ಲ, ನಂತರದ ಮೂರು ವರ್ಷಗಳ ಕೆಲಸವೇ ದೊಡ್ಡದು. ಸದ್ದು ಕೇಳಿದರೆ ಸಾಕೇ? ಯಾವ ಸದ್ದು ಯಾವ ಕಾಯಿಲೆಯದು ಎಂದು ಗೊತ್ತಾಗಬೇಡವೇ? ಲೆನೆಕ್ ನೂರಾರು ರೋಗಿಗಳ ಎದೆಗೆ ಕಿವಿಗೊಟ್ಟು, ಗುಳುಗುಳು, ಚರಚರ, ಸುಯ್ ಎಂಬಂಥ ಒಂದೊಂದು ಸದ್ದನ್ನೂ ಬರೆದಿಟ್ಟರು. ರೋಗಿ ತೀರಿಕೊಂಡರೆ ಶವಪರೀಕ್ಷೆ ಮಾಡಿ ಎದೆಯೊಳಗೆ ಏನಾಗಿತ್ತೆಂದು ನೋಡಿ, ತಾಳೆ ಹಾಕಿದರು. 1819ರಲ್ಲಿ ಇದೆಲ್ಲವೂ ಎರಡು ಸಂಪುಟಗಳ ಪುಸ್ತಕವಾಗಿ ಹೊರಬಂತು. ಅವರ ಎಲ್ಲ ತೀರ್ಮಾನಗಳೂ ಸರಿಯಿರಲಿಲ್ಲ. ಹೃದಯದ ಲಬ್-ಡಬ್ ಸದ್ದಿನಲ್ಲಿ ಎರಡನೆಯದು ಮೇಲಿನ ಕೋಣೆಗಳಾದ ಹೃತ್ಕರ್ಣಗಳು ಕುಗ್ಗುವುದರಿಂದ ಬರುತ್ತದೆ ಎಂದು ಅವರು ಭಾವಿಸಿದ್ದರು. ಈ ಎರಡೂ ಸದ್ದುಗಳು ಹೃದಯದ ಕವಾಟಗಳು ಮುಚ್ಚಿಕೊಳ್ಳುವಾಗ ಹುಟ್ಟುತ್ತವೆ ಎಂಬುದು ಅನಂತರ ತಿಳಿಯಿತು.

ನಿಮ್ಮ ಎದೆಯ ಮೇಲೆ ಬಿಲ್ಲೆಯಿಟ್ಟ ವೈದ್ಯರು ಕೇಳುವುದು ಈ ಲಬ್-ಡಬ್ ಅನ್ನೇ. ಲಯ ತಪ್ಪಿದೆಯೇ, ನಡುವೆ ಬೇರೆ ಸದ್ದಿದೆಯೇ ಎಂದು ಗಮನಿಸುತ್ತಾರೆ. ಕವಾಟ ಸರಿಯಾಗಿ ಮುಚ್ಚದಿದ್ದರೆ ರಕ್ತ ಹಿಂದಕ್ಕೆ ಸೋರಿ ಸುಯ್‌ಗುಡುತ್ತದೆ. ಆದರೆ ಬೆಳೆಯುವ ಮಕ್ಕಳಲ್ಲಿ ಯಾವ ದೋಷವೂ ಇಲ್ಲದೆ ಇಂಥ ಸದ್ದು ಕೇಳಿಬರುವುದು ಸಾಮಾನ್ಯ. ಅನುಮಾನವಿದ್ದರೆ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ಹಾಗೆ ಕಳಿಸಿದರು ಎಂದ ಮಾತ್ರಕ್ಕೆ ಆಟ ಮುಗಿಯಿತು ಎಂದಲ್ಲ. ಬೆನ್ನಿನ ಮೇಲೆ ಬಿಲ್ಲೆಯಿಟ್ಟು ಉಸಿರೆಳೆದುಕೊಳ್ಳಿ, ಬಿಡಿ ಎನ್ನುವುದು ಶ್ವಾಸಕೋಶದ ಸದ್ದಿಗಾಗಿ. ಓಡುವಾಗ ಎದೆ ನೋವು ಬಂದಿತ್ತೇ, ತಲೆ ಸುತ್ತಿ ಬಿದ್ದಿದ್ದೀರಾ, ಉಸಿರುಗಟ್ಟಿದಂತಾಗುತ್ತದೆಯೇ, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಿದ್ದಾರೆಯೇ ಎಂದೂ ಕೇಳುತ್ತಾರೆ. ತಂಡದಿಂದ ಕೈಬಿಟ್ಟಾರು ಎಂದು ಕೆಲವರು ಇದನ್ನು ಮುಚ್ಚಿಡುತ್ತಾರೆ. ಸ್ಟೆತಸ್ಕೋಪಿಗೆ ಎಲ್ಲವೂ ಕೇಳಿಸುವುದಿಲ್ಲ, ಆದ್ದರಿಂದ ನಿಜವನ್ನು ನೀವೇ ಹೇಳಬೇಕು.

ಲೆನೆಕ್ ಅವರದು ತೆಳ್ಳನೆಯ, ಪದೇಪದೇ ಕಾಯಿಲೆ ಬೀಳುವ ಶರೀರ. ಅವರು ಹೆಚ್ಚಾಗಿ ಕಂಡದ್ದು ಕ್ಷಯ ರೋಗಿಗಳನ್ನು. ತಮ್ಮನೂ, ಆಪ್ತ ಗೆಳೆಯ ಬೇಯ್ಲ್ ಕೂಡ ಕ್ಷಯದಿಂದಲೇ ತೀರಿಕೊಂಡಿದ್ದರು. ಈ ರೋಗ ಬ್ಯಾಕ್ಟೀರಿಯಾದಿಂದ ಬರುತ್ತದೆ ಎಂದು ಆಗ ಯಾರಿಗೂ ತಿಳಿದಿರಲಿಲ್ಲ. ರಾಬರ್ಟ್ ಕಾಕ್ ಅದನ್ನು ಕಂಡುಹಿಡಿದದ್ದು 1882ರಲ್ಲಿ. ಪುಸ್ತಕ ಮುಗಿಸಿ ಬಳಲಿದ ಲೆನೆಕ್ ಬ್ರಿಟನಿಗೆ ಹಿಂತಿರುಗಿ, ಹಳ್ಳಿಯಲ್ಲಿದ್ದು ಚೇತರಿಸಿಕೊಂಡರು. ಮತ್ತೆ ಪ್ಯಾರಿಸ್ಸಿಗೆ ಬಂದು ಪ್ರಾಧ್ಯಾಪಕರಾದರು. ಅವರ ಕೊಳವೆಯ ವಿದ್ಯೆ ಕಲಿಯಲು ಹೊರದೇಶಗಳಿಂದಲೂ ವೈದ್ಯರು ಬರತೊಡಗಿದರು.

1826ರಲ್ಲಿ ಜ್ವರ, ಕೆಮ್ಮು ಜೋರಾಯಿತು. ಲೆನೆಕ್ ತಮ್ಮ ಸಂಬಂಧಿಯಾದ ಯುವ ವೈದ್ಯ ಮೆರಿಯಾದೆಕ್‌ಗೆ ಸ್ಟೆತಸ್ಕೋಪ್ ಕೊಟ್ಟು ತಮ್ಮ ಎದೆಯ ಸದ್ದನ್ನು ಕೇಳಿ ಹೇಳುವಂತೆ ಕೋರಿದರು. ಆತ ವಿವರಿಸಿದ ಸದ್ದುಗಳು ಅವರಿಗೆ ಚೆನ್ನಾಗಿ ಗೊತ್ತಿದ್ದವು, ಸ್ವತಃ ಅವರೇ ಅವುಗಳ ಅರ್ಥವನ್ನು ಬರೆದಿಟ್ಟಿದ್ದರು. ಆಗಸ್ಟ್ 13ರಂದು, 45ನೆಯ ವಯಸ್ಸಿನಲ್ಲಿ, ಅವರು ಕ್ಷಯದಿಂದ ತೀರಿಕೊಂಡರು. ಇಂದು ಆ ರೋಗಕ್ಕೆ ಔಷಧವಿದೆ, ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುತ್ತಾರೆ. ಉಯಿಲಿನಲ್ಲಿ ಲೆನೆಕ್ ತಮ್ಮ ಪುಸ್ತಕಗಳನ್ನು, ಗಡಿಯಾರವನ್ನು, ಆ ಮರದ ಕೊಳವೆಯನ್ನು ಮೆರಿಯಾದೆಕ್‌ಗೆ ಬಿಟ್ಟುಹೋಗಿದ್ದರು. ಎರಡೂ ಕಿವಿಗೆ ಸಿಕ್ಕಿಸಿಕೊಳ್ಳುವ ಈಗಿನ ಮಾದರಿಯ ಸ್ಟೆತಸ್ಕೋಪ್ ಬಂದದ್ದು 1850ರ ದಶಕದಲ್ಲಿ.