ವಿಮಾನದಿಂದಿಳಿದು ನಿದ್ದೆಯ ನೆಲೆ ಹುಡುಕಿದ ವೈದ್ಯ

ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಿದವರ ನರಕ್ಕೆ ಅರಿವಳಿಕೆ ಮದ್ದು ಇಳಿದ ಕೆಲವೇ ಕ್ಷಣಗಳಲ್ಲಿ ಪ್ರಜ್ಞೆ ಮರೆಯಾಗುತ್ತದೆ. ರಾತ್ರಿ ಹಾಸಿಗೆಯಲ್ಲಿ ತಾನಾಗಿ ಬರುವ ನಿದ್ದೆಗೂ ಈ ಮಂಪರಿಗೂ ಏನಾದರೂ ನಂಟಿದೆಯೇ? ಮಿದುಳಿನ ಯಾವ ಮೂಲೆಯಲ್ಲಿ ಎಚ್ಚರದ ದೀಪ ಆರುತ್ತದೆ? ಈ ಪ್ರಶ್ನೆಗೆ ಉತ್ತರದ ಮೊದಲ ಎಳೆ ಸಿಕ್ಕಿದ್ದು ಔಷಧ ಪ್ರಯೋಗಾಲಯದಲ್ಲಲ್ಲ. ಮೊದಲ ಮಹಾಯುದ್ಧದ ಕಾಲದ ವಿಯೆನ್ನಾ ನಗರದ ಆಸ್ಪತ್ರೆಯೊಂದರಲ್ಲಿ, ಎಬ್ಬಿಸಿದರೂ ಎಚ್ಚರ ನಿಲ್ಲದ ರೋಗಿಗಳ ಹಾಸಿಗೆಯ ಬದಿಯಲ್ಲಿ ಅದು ದೊರಕಿತು. ಅದನ್ನು ಹಿಡಿದವರು ಕಾನ್‌ಸ್ಟಾಂಟಿನ್ ಫಾನ್ ಎಕೊನೊಮೊ.

ಎಕೊನೊಮೊ ಹುಟ್ಟಿದ್ದು 1876ರ ಆಗಸ್ಟ್ 21ರಂದು, ರೊಮೇನಿಯಾದ ಬ್ರಾಯಿಲಾ ಎಂಬ ಬಂದರು ಪಟ್ಟಣದಲ್ಲಿ. ತಂದೆ-ತಾಯಿ ಗ್ರೀಕ್ ಮೂಲದ ಸಿರಿವಂತರು. ಮಗು ಹುಟ್ಟಿದ ಮರುವರ್ಷವೇ ಕುಟುಂಬ ಆಸ್ಟ್ರಿಯಾ ಸಾಮ್ರಾಜ್ಯದ ಬಂದರು ನಗರವಾಗಿದ್ದ ಟ್ರಿಯೆಸ್ಟೆಗೆ ಬಂದು ನೆಲೆಸಿತು. ಮಗ ಯಂತ್ರಶಾಸ್ತ್ರ ಓದಬೇಕೆಂಬುದು ತಂದೆಯ ಇಚ್ಛೆ. ಅದರಂತೆ ವಿಯೆನ್ನಾದಲ್ಲಿ ಎರಡು ವರ್ಷ ಎಂಜಿನಿಯರಿಂಗ್ ಓದಿದ ತರುಣ, ಬಳಿಕ ವೈದ್ಯಶಾಸ್ತ್ರದತ್ತ ಹೊರಳಿದರು. 1901ರಲ್ಲಿ ವೈದ್ಯ ಪದವಿ ಕೈಸೇರಿತು. ಪ್ಯಾರಿಸ್, ಮ್ಯೂನಿಕ್, ಬರ್ಲಿನ್ ನಗರಗಳಲ್ಲಿ ಅಂದಿನ ಘಟಾನುಘಟಿ ನರತಜ್ಞರ ಬಳಿ ಕಲಿತು, 1906ರಲ್ಲಿ ವಿಯೆನ್ನಾದ ಮನೋರೋಗ ಮತ್ತು ನರರೋಗ ಚಿಕಿತ್ಸಾಲಯಕ್ಕೆ ಸೇರಿದರು. ಮುಂದೆ ನೊಬೆಲ್ ಪಡೆದ ಯೂಲಿಯಸ್ ವಾಗ್ನರ್-ಯಾವುರೆಕ್ ಅಲ್ಲಿನ ಮುಖ್ಯಸ್ಥರಾಗಿದ್ದರು.

ಆಕಾಶದ ಸೆಳೆತ

ವೈದ್ಯರಾದರೂ ಯಂತ್ರಗಳ ಮೋಹ ಬಿಡಲಿಲ್ಲ. ಬಲೂನು ಯಾನದಿಂದ ಆರಂಭಿಸಿ, ವಿಮಾನವೆಂಬುದು ಇನ್ನೂ ಕೂಸಾಗಿದ್ದ ಕಾಲದಲ್ಲೇ ಫ್ರಾನ್ಸ್‌ನಲ್ಲಿ ಹಾರಾಟ ಕಲಿತರು. ಅಂತಾರಾಷ್ಟ್ರೀಯ ವಿಮಾನ ಚಾಲನಾ ಪರವಾನಗಿ ಪಡೆದ ಮೊದಮೊದಲ ಆಸ್ಟ್ರಿಯನ್ನರಲ್ಲಿ ಅವರೂ ಒಬ್ಬರು. ಆಸ್ಟ್ರಿಯಾದ ವೈಮಾನಿಕ ಸಂಘದ ಅಧ್ಯಕ್ಷಗಿರಿಯನ್ನೂ ಬಹುಕಾಲ ನಿರ್ವಹಿಸಿದರು. ನಗರದ ಜನರಿಗೆ ಅವರು ಮೊದಲು ಪರಿಚಿತರಾದದ್ದು ಹಾರುವ ವೈದ್ಯರಾಗಿ.

ಯುದ್ಧ ಆರಂಭವಾದಾಗ ಸೇನೆ ಸೇರಿ ವಿಮಾನ ಹಾರಿಸಿದರು. 1916ರಲ್ಲಿ ಸಹೋದರನೊಬ್ಬ ಯುದ್ಧದಲ್ಲಿ ಮಡಿದ. ಇನ್ನೊಬ್ಬ ಮಗನನ್ನೂ ಕಳೆದುಕೊಳ್ಳಲು ತಂದೆ-ತಾಯಿ ಸಿದ್ಧರಿರಲಿಲ್ಲ. ಅವರ ಮಾತಿಗೆ ಮಣಿದು ಎಕೊನೊಮೊ ವಿಮಾನದಿಂದಿಳಿದು ವಿಯೆನ್ನಾದ ಚಿಕಿತ್ಸಾಲಯಕ್ಕೆ ಮರಳಿದರು. ತಲೆಗೆ ಗಾಯವಾದ ಸೈನಿಕರ ಶುಶ್ರೂಷೆ ಅವರ ಪಾಲಿಗೆ ಬಂತು. ಮನಸ್ಸಿಲ್ಲದ ಆ ಮರಳುವಿಕೆಯೇ ನರವಿಜ್ಞಾನದ ದಿಕ್ಕನ್ನು ಬದಲಿಸಿತು.

ನಿದ್ದೆಯ ಪಿಡುಗು

ಅದೇ ಚಳಿಗಾಲದಲ್ಲಿ ಯಾವ ಕಾಯಿಲೆಯ ಪಟ್ಟಿಗೂ ಹೊಂದದ ರೋಗಿಗಳು ಬರತೊಡಗಿದರು. ಮೊದಲು ಜ್ವರ, ತಲೆನೋವು, ಬಳಿಕ ಕಣ್ಣು ಹೊರಳಿಸಲಾಗದ ಸ್ಥಿತಿ, ಆಮೇಲೆ ನಿದ್ದೆ. ಊಟ ಮಾಡುತ್ತಲೇ ತೂಕಡಿಕೆ. ಅಲುಗಿಸಿ ಎಬ್ಬಿಸಿದರೆ ಪ್ರಶ್ನೆಗೆ ಸರಿಯಾಗಿಯೇ ಉತ್ತರಿಸಿ, ಮರುಕ್ಷಣ ಮತ್ತೆ ನಿದ್ದೆಗೆ ಜಾರುತ್ತಿದ್ದರು. ವಾರಗಟ್ಟಲೆ ಹೀಗಿದ್ದು ಕೆಲವರು ಚೇತರಿಸಿಕೊಂಡರೆ, ಹಲವರು ನಿದ್ದೆಯಲ್ಲೇ ಕೊನೆಯುಸಿರೆಳೆದರು. ಇನ್ನು ಕೆಲವರದು ತದ್ವಿರುದ್ಧ ಪಾಡು. ಹಗಲು-ರಾತ್ರಿ ಕಣ್ಣು ಮುಚ್ಚಲಾಗದೆ ಚಡಪಡಿಸುತ್ತಿದ್ದರು.

1890ರ ಸುಮಾರಿಗೆ ಉತ್ತರ ಇಟಲಿಯಲ್ಲಿ ಹಬ್ಬಿದ್ದ ನೋನಾ ಎಂಬ ನಿದ್ದೆಯ ಕಾಯಿಲೆಯ ಬಗ್ಗೆ ಬಾಲ್ಯದಲ್ಲಿ ಮನೆಯವರು ಮಾತನಾಡಿಕೊಳ್ಳುತ್ತಿದ್ದುದು ಎಕೊನೊಮೊ ಅವರಿಗೆ ನೆನಪಾಯಿತು. 1917ರ ಏಪ್ರಿಲ್‌ನಲ್ಲಿ ವಿಯೆನ್ನಾದ ವೈದ್ಯರ ಸಭೆಯ ಮುಂದೆ ಈ ಪ್ರಕರಣಗಳನ್ನಿಟ್ಟು, ಮೇ ತಿಂಗಳಲ್ಲಿ ಪ್ರಬಂಧ ಪ್ರಕಟಿಸಿದರು. ಕಾಯಿಲೆಗೆ ಅವರಿಟ್ಟ ಹೆಸರು ಎನ್‌ಸೆಫಲೈಟಿಸ್ ಲೆಥಾರ್ಜಿಕಾ, ಅಂದರೆ ಜಡನಿದ್ದೆ ತರುವ ಮಿದುಳಿನ ಉರಿಯೂತ. ಅದೇ ವಸಂತದಲ್ಲಿ ಫ್ರಾನ್ಸ್‌ನ ಝಾನ್-ರೆನೆ ಕ್ರುಶೆ ಕೂಡ ಇಂಥ ಪ್ರಕರಣಗಳನ್ನು ವರದಿ ಮಾಡಿದ್ದರು. ಮುಂದಿನ ಹತ್ತು ವರ್ಷಗಳಲ್ಲಿ ಪಿಡುಗು ಜಗತ್ತನ್ನೇ ಸುತ್ತಿ ಲಕ್ಷಾಂತರ ಜನರನ್ನು ಕಾಡಿ, ಬಂದಷ್ಟೇ ನಿಗೂಢವಾಗಿ ಮಾಯವಾಯಿತು. ಅದರ ಕಾರಣ ಇಂದಿಗೂ ಇತ್ಯರ್ಥವಾಗಿಲ್ಲ.

ಎಕೊನೊಮೊ ಅವರ ಬಳಿ ಮದ್ದಿರಲಿಲ್ಲ. ಇದ್ದದ್ದು ಸೂಕ್ಷ್ಮದರ್ಶಕ ಮತ್ತು ತಾಳ್ಮೆ. ಮೃತರ ಮಿದುಳುಗಳನ್ನು ಪದರ ಪದರವಾಗಿ ಪರೀಕ್ಷಿಸಿದರು. ಗಾಯದ ಗುರುತುಗಳು ಮಿದುಳಿನ ತಳಭಾಗದ ಹೈಪೋಥಲಾಮಸ್‌ನ ಆಸುಪಾಸಿನಲ್ಲಿ ಕಂಡವು. ಅತಿನಿದ್ದೆಯಿಂದ ಸತ್ತವರಲ್ಲಿ ಹಾನಿಯಾಗಿದ್ದುದು ಅದರ ಹಿಂಭಾಗ ಮತ್ತು ಮಧ್ಯಮಿದುಳು ಸೇರುವ ಕಡೆ. ನಿದ್ದೆಯೇ ಬಾರದವರಲ್ಲಿ ಮುಂಭಾಗಕ್ಕೆ. ಅಂದಮೇಲೆ ಹಿಂಭಾಗ ಎಚ್ಚರವನ್ನು ಕಾಯುತ್ತದೆ, ಮುಂಭಾಗ ನಿದ್ದೆಯನ್ನು ತರುತ್ತದೆ ಎಂದು ಅವರು ತರ್ಕಿಸಿದರು. ನಿದ್ದೆಯೆಂದರೆ ದಣಿದ ಮಿದುಳು ಸುಮ್ಮನಾಗುವುದು ಎಂಬ ಎಣಿಕೆ ಬಲವಾಗಿದ್ದ ಕಾಲವದು. ನಿದ್ದೆಯೂ ಮಿದುಳು ಮಾಡುವ ಒಂದು ಕೆಲಸ ಎಂಬ ಮಾತು ಹೊಸದಾಗಿತ್ತು. ಹಗಲಿನಲ್ಲಿ ಹಠಾತ್ತನೆ ನಿದ್ದೆ ಎರಗುವ ನಾರ್ಕೊಲೆಪ್ಸಿಯ ಮೂಲವೂ ಆ ಹಿಂಭಾಗದಲ್ಲೇ ಇರಬೇಕೆಂದು ಅವರು ಊಹಿಸಿದ್ದರು.

ರಸಾಯನ ತೆರೆದ ಗುಟ್ಟು

ಈ ಊಹೆಗಳಿಗೆ ರಾಸಾಯನಿಕ ಪುರಾವೆ ದೊರೆಯಲು ದಶಕಗಳೇ ಹಿಡಿದವು. 1946ರಲ್ಲಿ ವಾಲೆ ನೌಟಾ ಇಲಿಗಳಲ್ಲಿ ಅದೇ ಎರಡು ನೆಲೆಗಳನ್ನು ಗುರುತಿಸಿದರು. 1996ರಲ್ಲಿ ಅಮೆರಿಕದ ಕ್ಲಿಫರ್ಡ್ ಸೇಪರ್ ಅವರ ತಂಡ, ಹೈಪೋಥಲಾಮಸ್‌ನ ಮುಂಭಾಗದಲ್ಲಿ ನಿದ್ದೆಯ ಹೊತ್ತಿನಲ್ಲೇ ಚುರುಕಾಗುವ ನರಕೋಶಗಳ ಗುಂಪೊಂದನ್ನು ತೋರಿಸಿತು. ಅವು ಗಾಬಾ ಎಂಬ ರಾಸಾಯನಿಕವನ್ನು ಸ್ರವಿಸಿ ಎಚ್ಚರದ ಕೋಶಗಳ ಬಾಯಿ ಮುಚ್ಚಿಸುತ್ತವೆ. ಹಿಂಭಾಗದಲ್ಲಿರುವುದು ಹಿಸ್ಟಮೀನ್ ಸ್ರವಿಸಿ ಎಚ್ಚರವಿಡುವ ಕೋಶಗಳು. ನೆಗಡಿಯ ಕೆಲವು ಮಾತ್ರೆಗಳನ್ನು ನುಂಗಿದರೆ ತೂಕಡಿಕೆ ಬರುವುದೂ ಇದರಿಂದಲೇ. ಅವು ಮಿದುಳಿನಲ್ಲಿ ಹಿಸ್ಟಮೀನ್‌ನ ಕೆಲಸಕ್ಕೆ ಅಡ್ಡಬರುತ್ತವೆ. 1998ರಲ್ಲಿ ಒರೆಕ್ಸಿನ್ ಎಂಬ ಇನ್ನೊಂದು ಎಚ್ಚರದ ರಾಸಾಯನಿಕ ಪತ್ತೆಯಾಯಿತು. ನಾರ್ಕೊಲೆಪ್ಸಿ ರೋಗಿಗಳ ಹೈಪೋಥಲಾಮಸ್‌ನಲ್ಲಿ ಒರೆಕ್ಸಿನ್ ಕೋಶಗಳು ಬಹುತೇಕ ನಾಶವಾಗಿರುವುದು 2000ದಲ್ಲಿ ಸಾಬೀತಾಯಿತು. ಎಕೊನೊಮೊ ಅವರ ಊಹೆ ನಿಜವಾಗಿತ್ತು.

ಅರಿವಳಿಕೆಯ ನಂಟು ಬಯಲಾದದ್ದು 2002ರಲ್ಲಿ. ಪ್ರೊಪೊಫಾಲ್‌ನಂಥ ಮದ್ದುಗಳು ಗಾಬಾದ ಪರಿಣಾಮವನ್ನು ಹೆಚ್ಚಿಸುತ್ತವೆ ಎಂಬುದು ಮೊದಲೇ ತಿಳಿದಿತ್ತು. ಅವು ಮಂಪರು ತರಿಸುವಾಗ ಹೈಪೋಥಲಾಮಸ್‌ನ ಹಿಂಭಾಗದ ಆ ಹಿಸ್ಟಮೀನ್ ಕೋಶಗಳನ್ನೇ, ಅಂದರೆ ನಿದ್ದೆಯ ಸಹಜ ದಾರಿಯನ್ನೇ ಬಳಸಿಕೊಳ್ಳುತ್ತವೆ ಎಂದು ಇಲಿಗಳ ಮೇಲಿನ ಪ್ರಯೋಗ ತೋರಿಸಿತು. ಹಾಗೆಂದು ಅರಿವಳಿಕೆಯೂ ನಿದ್ದೆಯೂ ಒಂದೇ ಅಲ್ಲ. ನಿದ್ದೆಯಲ್ಲಿರುವವರನ್ನು ಕೂಗಿ ಎಬ್ಬಿಸಬಹುದು. ಪೂರ್ಣ ಅರಿವಳಿಕೆಯಲ್ಲಿರುವವರು ಚಾಕುವಿನ ಗಾಯಕ್ಕೂ ಏಳರು. ಕೆಟಮಿನ್‌ನಂಥ ಮದ್ದು ಗ್ಲುಟಮೇಟ್ ಎಂಬ ಬೇರೆಯೇ ರಾಸಾಯನಿಕದ ಹಾದಿಯನ್ನು ತಡೆಯುತ್ತದೆ. ದಾರಿಗಳು ಹಲವು, ಅವುಗಳಲ್ಲೊಂದು ಎಕೊನೊಮೊ ಗುರುತಿಸಿದ ನೆಲೆಯ ಮೂಲಕವೇ ಹಾದುಹೋಗುತ್ತದೆ.

ಪಿಡುಗಿನಿಂದ ಬದುಕುಳಿದವರ ಕಥೆ ಅಷ್ಟು ಸುಖಾಂತವಲ್ಲ. ಅನೇಕರು ವರ್ಷಗಳ ನಂತರ ಪಾರ್ಕಿನ್ಸನ್ ರೋಗದ ಲಕ್ಷಣಗಳಿಗೆ ತುತ್ತಾಗಿ ಬೊಂಬೆಗಳಂತೆ ಸ್ತಬ್ಧರಾದರು. ಮಿದುಳಿನಲ್ಲಿ ಡೋಪಮೀನ್ ತಯಾರಿಸುವ ಕೋಶಗಳು ನಾಶವಾಗಿದ್ದವು. 1969ರಲ್ಲಿ ನ್ಯೂಯಾರ್ಕ್‌ನ ವೈದ್ಯ ಆಲಿವರ್ ಸ್ಯಾಕ್ಸ್ ಅಂಥ ಕೆಲವರಿಗೆ ಎಲ್-ಡೋಪಾ ನೀಡಿದಾಗ ದಶಕಗಳ ಬಳಿಕ ಅವರು ಎದ್ದು ನಡೆದಾಡಿದರು. ಆದರೆ ಹಲವರಲ್ಲಿ ಆ ಚೇತರಿಕೆ ಹೆಚ್ಚು ಕಾಲ ಉಳಿಯಲಿಲ್ಲ. ಸ್ಯಾಕ್ಸ್ ಅವರ ಅವೇಕನಿಂಗ್ಸ್ ಪುಸ್ತಕ, 1990ರ ಅದೇ ಹೆಸರಿನ ಚಲನಚಿತ್ರ ಹೇಳುವುದು ಇವರ ಕಥೆಯನ್ನೇ.

ಎಕೊನೊಮೊ ನಿದ್ದೆಯ ಅಧ್ಯಯನಕ್ಕಷ್ಟೇ ಸೀಮಿತರಾಗಲಿಲ್ಲ. 1925ರಲ್ಲಿ ಗ್ರೀಕ್ ವಿಜ್ಞಾನಿ ಗಿಯೋರ್ಗ್ ಕೊಸ್ಕಿನಾಸ್ ಜತೆಗೂಡಿ ಮಿದುಳಿನ ಹೊರಪದರದ ಬೃಹತ್ ನಕ್ಷಾಸಂಪುಟವನ್ನು ಹೊರತಂದರು. ಕದಿರಿನಾಕಾರದ ಒಂದು ಬಗೆಯ ನರಕೋಶಕ್ಕೆ ಇಂದು ಅವರದೇ ಹೆಸರಿದೆ. 1931ರಲ್ಲಿ ವಿಯೆನ್ನಾದಲ್ಲಿ ಮಿದುಳು ಸಂಶೋಧನೆಗೆಂದೇ ಒಂದು ವಿಭಾಗ ಅವರ ನೇತೃತ್ವದಲ್ಲಿ ತೆರೆಯಿತು. ಅದೇ ಅಕ್ಟೋಬರ್ 21ರಂದು ಹೃದ್ರೋಗದಿಂದ ಅವರು ತೀರಿಕೊಂಡರು. ಆಗ ವಯಸ್ಸು 55.

ತಮ್ಮ ಊಹೆ ನಿಜವಾದುದನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ. ತಾವು ನೋಡಿದ ರೋಗಿಗಳ ಕಾಯಿಲೆ ಗುಣಪಡಿಸುವ ಮದ್ದೂ ಅವರ ಕಾಲಕ್ಕೆ ಸಿಗಲಿಲ್ಲ. ಆದರೆ ಆ ರೋಗಿಗಳ ಸಾವು ವ್ಯರ್ಥವಾಗದಂತೆ ಅವರು ನೋಡಿಕೊಂಡರು. ನಿದ್ರಾಹೀನತೆಗೆ ಮದ್ದು ಹುಡುಕುವವರೂ ಅರಿವಳಿಕೆಯ ಗುಟ್ಟನ್ನು ಬೆನ್ನಟ್ಟಿರುವವರೂ ಇಂದಿಗೂ ಅವರು ಬೆರಳಿಟ್ಟು ತೋರಿಸಿದ ಜಾಗಕ್ಕೇ ಮರಳುತ್ತಿದ್ದಾರೆ.