ಕುಡಿತವನ್ನು ಗೆದ್ದ ಕೂಲಿಕಾರ



ತುಂಗಭದ್ರೆಯ ದಡದ ಮುಕ್ಕುಂದದಿಂದ ಸಿಂಧನೂರಿನವರೆಗೂ ಭತ್ತದ ನಾಟಿ, ಕಟಾವಿನ ದಿನಗಳಲ್ಲಿ ಹದಿಹರೆಯದ ಹುಡುಗರ ಕೈಯಲ್ಲೂ ನಾಲ್ಕು ಕಾಸು ಓಡಾಡುತ್ತದೆ. ಆ ಕಾಸು ಮನೆ ಸೇರುವುದೋ, ಗುಟ್ಕಾ, ಮದ್ಯದ ಪಾಲಾಗುವುದೋ ಎಂಬುದೇ ತಾಯಂದಿರ ಚಿಂತೆ. ನಮ್ಮ ಹುಡುಗ ಒಳ್ಳೆಯವನೇ, ಸಹವಾಸ ಮಾತ್ರ ಕೆಟ್ಟದ್ದು ಎಂದು ಅವರು ಹೇಳುವಾಗಲೆಲ್ಲ ನನಗೆ ಮ್ಯಾಟ್ ಟಾಲ್ಬಟ್ ನೆನಪಾಗುತ್ತಾರೆ.

ಮ್ಯಾಟ್ ಹುಟ್ಟಿದ್ದು 1856ರ ಮೇ 2ರಂದು, ಐರ್ಲೆಂಡಿನ ಡಬ್ಲಿನ್ ನಗರದಲ್ಲಿ. ಬಡ ಕುಟುಂಬ, ಹನ್ನೆರಡು ಮಕ್ಕಳು. ತಂದೆಗೆ ಕುಡಿತದ ಚಟ. ತಾಯಿ ಎಲಿಜಬೆತ್ ದೈವಭಕ್ತೆ. 12ನೇ ವಯಸ್ಸಿಗೇ ಶಾಲೆ ಬಿಟ್ಟ ಹುಡುಗ ಮದ್ಯದ ವ್ಯಾಪಾರಿಗಳ ಬಳಿ ಕೆಲಸಕ್ಕೆ ಸೇರಿದ. ಅಲ್ಲಿ ನೋಡಿದ ರುಚಿ ಕೆಲವೇ ವರ್ಷಗಳಲ್ಲಿ ಅವನನ್ನು ಕುಡುಕನನ್ನಾಗಿ ಮಾಡಿತು.

ಅವನು ಕೆಟ್ಟವನಾಗಿರಲಿಲ್ಲ. ಕಟ್ಟಡದ ಕೆಲಸದಲ್ಲಿ ಎಲ್ಲರಿಗಿಂತ ಚುರುಕು, ಕೈಯಂತೂ ಧಾರಾಳ. ಆದರೆ ಆ ಧಾರಾಳತನವೇ ಅವನಿಗೆ ಉರುಳಾಯಿತು. ಗೆಳೆಯರಿಗೆ ಕುಡಿಸಿ, ತಾನೂ ಕುಡಿದು, ವಾರದ ಕೂಲಿಯನ್ನೆಲ್ಲ ಹೆಂಡದಂಗಡಿಗೆ ಸುರಿಯುತ್ತಿದ್ದ. ಒಮ್ಮೆ ಬೀದಿಯ ಪಿಟೀಲುವಾದಕನೊಬ್ಬನ ಪಿಟೀಲನ್ನೇ ಕದ್ದು ಮಾರಿದ್ದೂ ಉಂಟು.

1884ರ ಒಂದು ಶನಿವಾರ. ಆ ವಾರ ಕೆಲಸವಿಲ್ಲದೆ ಕೈ ಬರಿದಾಗಿತ್ತು. ತನ್ನಿಂದ ಎಷ್ಟೋ ಸಲ ಕುಡಿದ ಗೆಳೆಯರು ಕರೆದಾರೆಂದು ಅಂಗಡಿಯ ಬಳಿ ಕಾದು ನಿಂತ. ಒಬ್ಬನೂ ಕರೆಯಲಿಲ್ಲ. ಮನನೊಂದು ಮನೆಗೆ ಬಂದು, ಮದ್ಯ ಬಿಡುವ ಪ್ರತಿಜ್ಞೆ ಮಾಡುತ್ತೇನೆಂದು ತಾಯಿಗೆ ತಿಳಿಸಿದ. ಪಾಲಿಸುವ ಮನಸ್ಸಿದ್ದರೆ ಮಾತ್ರ ಮಾಡು ಎಂದು ಆ ತಾಯಿ ಎಚ್ಚರಿಸಿ ಹರಸಿದರು. ಆಗ ಅವರಿಗೆ 28 ವರ್ಷ.

ಮೊದಲ ಪ್ರತಿಜ್ಞೆ ಬರೀ ಮೂರು ತಿಂಗಳಿಗೆ. ಆ ತಿಂಗಳುಗಳು ಬಹಳ ಕಠಿಣವಾಗಿದ್ದವು. ಮುಂಜಾನೆಯೇ ಬಲಿಪೂಜೆಗೆ ಹೋಗುತ್ತಿದ್ದರು. ಸಂಜೆ ಹಳೆಯ ಅಡ್ಡೆಗಳಿಂದ ದೂರ ನಡೆಯುತ್ತಿದ್ದರು. ಒಮ್ಮೆ ಆಸೆ ತಡೆಯಲಾರದೆ ಹೆಂಡದಂಗಡಿಗೆ ಕಾಲಿಟ್ಟರು. ಯಾರೂ ಗಮನಿಸದಿದ್ದಾಗ ಹೊರಬಂದು ದೇವಾಲಯ ಸೇರಿಕೊಂಡರು. ಅಂದಿನಿಂದ ಜೇಬಿನಲ್ಲಿ ಹಣ ಇಟ್ಟುಕೊಂಡು ತಿರುಗುವುದನ್ನೇ ಬಿಟ್ಟರು. ತಮ್ಮ ದುರ್ಬಲತೆಯನ್ನು ತಾವೇ ಅರಿತದ್ದು ಅವರಿಗೆ ದೊಡ್ಡ ಬಲವಾಯಿತು. ಮುಂದೆ ಪ್ರತಿಜ್ಞೆ ಆಜೀವವಾಯಿತು. ಹಳೆಯ ಸಾಲಗಳನ್ನು ತೀರಿಸಿದರು. ಪಿಟೀಲುವಾದಕನಿಗಾಗಿ ಹುಡುಕಿದರು, ಸಿಗದಿದ್ದಾಗ ಆ ಹಣವನ್ನು ಅವನ ಹೆಸರಿನಲ್ಲಿ ಪೂಜೆಗೆ ಕೊಟ್ಟರು. ಧಾರಾಳದ ಕೈ ಹಾಗೇ ಉಳಿಯಿತು, ಆದರೆ ಈಗ ಅದು ಬಡವರ ಕಡೆ ಚಾಚಿತು.

1925ರ ಜೂನ್ 7ರ ಭಾನುವಾರ ಪೂಜೆಗೆ ಹೋಗುತ್ತಿದ್ದಾಗ ಬೀದಿಯಲ್ಲೇ ಕುಸಿದು ಪ್ರಾಣಬಿಟ್ಟರು. 1975ರಲ್ಲಿ ಜಗದ್ಗುರು ಆರನೇ ಪೌಲರು ಈ ಕೂಲಿಕಾರನನ್ನು ಪೂಜ್ಯರೆಂದು ಘೋಷಿಸಿದರು.

ವಿವೇಕ, ನ್ಯಾಯ, ಸ್ಥೈರ್ಯ, ಸಂಯಮ ಈ ನಾಲ್ಕು ಸದ್ಗುಣಗಳನ್ನು ಧರ್ಮಸಭೆ ಒಟ್ಟಿಗೇ ಕಲಿಸುತ್ತದೆ. ದುಡಿಮೆ, ಔದಾರ್ಯ ಎಷ್ಟೇ ಇದ್ದರೂ ಸಂಯಮವಿಲ್ಲದಿದ್ದರೆ ಹುಡುಗನಿಗೆ ರಕ್ಷಣೆಯಿಲ್ಲ. ಮನಶ್ಶಾಸ್ತ್ರಜ್ಞರೂ ಹೀಗೆಯೇ ಹೇಳುತ್ತಾರೆ: ಆತುರದ ಸ್ವಭಾವ ಚಟಕ್ಕೆ ದಾರಿ, ತನ್ನನ್ನು ತಾನು ತಡೆದುಕೊಳ್ಳುವ ಗುಣ, ಹೆತ್ತವರೊಂದಿಗಿನ ಆಪ್ತತೆ ಬೇಲಿಯಿದ್ದಂತೆ.

ಈ ಬೇಲಿ ಚಿಕ್ಕಂದಿನಿಂದಲೇ ಬೆಳೆಯಬೇಕು. ಕೊಟ್ಟ ಸಣ್ಣ ಮಾತನ್ನೂ ಉಳಿಸಿಕೊಳ್ಳಲು ಮಗನಿಗೆ ಕಲಿಸಿ. ಗೆಳೆಯರಿಗೆ ಬೇಡ ಎನ್ನುವುದು ಅವಮಾನವಲ್ಲವೆಂದು ತಿಳಿಸಿ. ಅವನ ಮೊದಲ ಕೂಲಿಯ ಲೆಕ್ಕವನ್ನು ಜೊತೆಯಲ್ಲಿ ಕುಳಿತು ಬರೆಯಿರಿ. ತಂದೆಯೇ ಕುಡಿಯುವ ಮನೆಯಲ್ಲಿ ಬುದ್ಧಿಮಾತು ಹತ್ತುವುದಿಲ್ಲ ಎಂಬುದೂ ನೆನಪಿರಲಿ. ಈಗಾಗಲೇ ಚಟಕ್ಕೆ ಬಿದ್ದಿದ್ದರೆ ಶಪಿಸಬೇಡಿ, ವೈದ್ಯರ ಬಳಿ ಕರೆದೊಯ್ಯಿರಿ. ಎಲಿಜಬೆತ್ ತಾಯಿ ಹದಿನಾರು ವರ್ಷ ಕಾದರು, ಮನೆಯ ಬಾಗಿಲು ಮಾತ್ರ ಮುಚ್ಚಲಿಲ್ಲ.