ಸುವಾರ್ತಿಕನಾದ ಲೂಕನ ಚರಿತ್ರೆಯೂ ಅವನ ಸುವಾರ್ತೆಯ ತಾತ್ಪರ್ಯವೂ

ಹೊಸ ಒಡಂಬಡಿಕೆಯಲ್ಲಿ ಎಲ್ಲರಿಗಿಂತಲೂ ಹೆಚ್ಚಾಗಿ ಬರೆದವನು ಯಾರು ಎಂದು ಕೇಳಿದರೆ ನಮ್ಮಲ್ಲಿ ಅನೇಕರು ಪೌಲನ ಹೆಸರನ್ನು ಹೇಳುವರು. ಆದರೆ ಬರವಣಿಗೆಯನ್ನು ಅಳೆದು ನೋಡಿದರೆ ಲೂಕನ ಪಾಲೇ ದೊಡ್ಡದು. 24 ಅಧ್ಯಾಯಗಳ ಸುವಾರ್ತೆಯೂ 28 ಅಧ್ಯಾಯಗಳ ಅಪೊಸ್ತಲರ ಕೃತ್ಯಗಳೂ ಕೂಡಿ ಹೊಸ ಒಡಂಬಡಿಕೆಯ ಕಾಲು ಭಾಗಕ್ಕಿಂತ ಹೆಚ್ಚಾಗುತ್ತವೆ. ಇಷ್ಟು ಬರೆದವನು ಈ ಎರಡು ಪುಸ್ತಕಗಳಲ್ಲಿ ಒಂದು ಸಾರಿಯಾದರೂ ತನ್ನ ಹೆಸರನ್ನು ಹಾಕಲಿಲ್ಲ. ಕೊಲೊಸ್ಸೆಯವರಿಗೂ ಫಿಲೆಮೋನನಿಗೂ ತಿಮೊಥೆಯನಿಗೂ ಬರೆದ ಪತ್ರಿಕೆಗಳಲ್ಲಿ ಮಾತ್ರ, ಒಟ್ಟು ಮೂರು ಸಾರಿ, ಅವನ ಹೆಸರು ಕಾಣುತ್ತದೆ. ಈ ಎರಡು ಪುಸ್ತಕಗಳು ಲೂಕನವೆಂದು ಪುರಾತನ ಸಭೆಯು ನಂಬುತ್ತಾ ಬಂದಿತು, ಸುಮಾರು ಕ್ರಿ. ಶ. 180ರಲ್ಲಿ ಐರೇನಿಯಸನೆಂಬ ಸಭಾಧ್ಯಕ್ಷನು ಇದನ್ನು ಸ್ಪಷ್ಟವಾಗಿ ಬರೆದಿಟ್ಟಿದ್ದಾನೆ.

ಲೂಕನು ಉದ್ಯೋಗದಲ್ಲಿ ವೈದ್ಯನು. ಪೌಲನು ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯ ಕಡೆಯಲ್ಲಿ ತನ್ನ ಜೊತೆಕೆಲಸದವರಲ್ಲಿ ಸುನ್ನತಿಯವರನ್ನು ಮೊದಲು ಎಣಿಸಿ ಮುಗಿಸಿ, ಆಮೇಲೆ ಲೂಕನನ್ನು ಬೇರೆಯಾಗಿ ಹೆಸರಿಸುತ್ತಾನೆ. ಇದರಿಂದ ಅವನು ಯೆಹೂದ್ಯನಲ್ಲ, ಅನ್ಯಜನರಲ್ಲಿ ಹುಟ್ಟಿದವನು ಎಂದು ಬಹುಮಂದಿ ಪಂಡಿತರು ತಿಳುಕೊಳ್ಳುತ್ತಾರೆ. ಅವನು ಕರ್ತನ ಹಿಂದೆ ಗಲಿಲಾಯದಲ್ಲಿ ನಡೆದವನಲ್ಲ. ಕಣ್ಣಾರೆ ಕಂಡವರ ಬಾಯಿಂದ ಕೇಳಿ ತಿಳುಕೊಂಡವನು. ಹೊರಗಿನವನಾಗಿದ್ದು ಒಳಗೆ ಸೇರಿಸಲ್ಪಟ್ಟವನು. ಈ ಮಾತನ್ನು ನೆನಪಿನಲ್ಲಿಟ್ಟು ಅವನ ಸುವಾರ್ತೆಯನ್ನು ಓದುವವನಿಗೆ ಅದರ ಅರ್ಥವು ಸುಲಭವಾಗಿ ತೆರೆಯುವದು.

ಅಪೊಸ್ತಲರ ಕೃತ್ಯಗಳಲ್ಲಿ ಪೌಲನ ಪ್ರಯಾಣಗಳನ್ನು ಹೇಳುತ್ತಾ ಬರುವ ಬರಹಗಾರನು, ಪೌಲನು ತ್ರೋವದಿಂದ ಮಕೆದೋನ್ಯಕ್ಕೆ ಹೊರಡುವಾಗ ಥಟ್ಟನೆ ತನ್ನನ್ನೂ ಆ ಗುಂಪಿನಲ್ಲಿ ಸೇರಿಸಿಕೊಂಡು ಮಾತಾಡಲಾರಂಭಿಸುತ್ತಾನೆ. ಅದು ಸುಮಾರು ಕ್ರಿ. ಶ. 50ನೆಯ ವರುಷ. ಫಿಲಿಪ್ಪಿಯ ಹೊಳೆಯ ದಡದಲ್ಲಿ ಧೂಮ್ರವರ್ಣದ ವಸ್ತ್ರಗಳನ್ನು ಮಾರುವ ಲುದ್ಯಳು ಪೌಲನ ಮಾತಿಗೆ ಕಿವಿಗೊಟ್ಟಾಗ ಅವನು ಅಲ್ಲಿದ್ದನು. ಪೌಲನು ಆ ಊರನ್ನು ಬಿಟ್ಟ ಮೇಲೆ ಲೂಕನ ಮಾತು ನಿಂತುಹೋಗಿ, ಕೆಲವು ವರುಷಗಳಾದ ನಂತರ ಅದೇ ಫಿಲಿಪ್ಪಿಯಿಂದ ತಿರಿಗಿ ಆರಂಭವಾಗುತ್ತದೆ. ಆದದರಿಂದ ಆ ಹೊಸ ಸಭೆಯ ಬಳಿಯಲ್ಲಿಯೇ ಅವನು ಉಳಿದಿದ್ದನೆಂದು ಊಹಿಸುವವರುಂಟು.

ಸುಮಾರು 57ರಲ್ಲಿ ಅವನು ಪೌಲನ ಸಂಗಡ ಯೆರೂಸಲೇಮಿಗೆ ಹೋದನು. ದಾರಿಯಲ್ಲಿ ಕೈಸರೈಯದೊಳಗೆ ಸುವಾರ್ತಿಕನಾದ ಫಿಲಿಪ್ಪನ ಮನೆಯಲ್ಲಿ ಇಳುಕೊಂಡರು. ಯೆರೂಸಲೇಮಿನಲ್ಲಿ ಯಾಕೋಬನನ್ನೂ ಸಭೆಯ ಹಿರಿಯರನ್ನೂ ಕಂಡರು. ಅಲ್ಲಿ ಪೌಲನು ಸೆರೆಹಿಡಿಯಲ್ಪಟ್ಟು ಎರಡು ವರುಷ ಕೈಸರೈಯದಲ್ಲಿ ಕಾವಲಲ್ಲಿದ್ದನು. ಆ ಮೇಲೆ ಅವನನ್ನು ರೋಮಿಗೆ ಕಳುಹಿಸಿದ ಹಡಗಿನಲ್ಲಿ ಲೂಕನೂ ಇದ್ದನು. ಹದಿನಾಲ್ಕು ದಿನ ಬಿರುಗಾಳಿಗೆ ಸಿಕ್ಕಿ ಹಡಗು ಒಡೆದುಹೋಯಿತು. ಆದರೂ ಅದರಲ್ಲಿದ್ದ 276 ಮಂದಿಯೂ ಮೆಲೀತೆ ದ್ವೀಪದ ದಡವನ್ನು ಸೇರಿದರು. ಆ ದ್ವೀಪದ ಮುಖ್ಯಸ್ಥನ ತಂದೆಯು ಜ್ವರದಿಂದಲೂ ರಕ್ತಭೇದಿಯಿಂದಲೂ ಮಲಗಿದ್ದಾಗ ಪೌಲನು ಪ್ರಾರ್ಥಿಸಿ ಕೈಗಳನ್ನಿಟ್ಟು ಅವನನ್ನು ವಾಸಿಮಾಡಿದನೆಂದು ಲೂಕನು ಬರೆಯುತ್ತಾನೆ. ತಾನು ವೈದ್ಯನಾಗಿದ್ದರೂ ತನ್ನ ವಿಷಯವಾಗಿ ಒಂದು ಮಾತನ್ನೂ ಸೇರಿಸುವದಿಲ್ಲ.

ಇಂಥವನು ಸುವಾರ್ತೆಯನ್ನು ಬರೆದದ್ದು ಯಾಕೆ? ಥೆಯೊಫಿಲನೆಂಬ ಗಣ್ಯನಿಗೆ ಅವನು ಬರೆದ ಪೀಠಿಕೆಯಲ್ಲಿ ಕಾರಣವು ಕಾಣುತ್ತದೆ. ಥೆಯೊಫಿಲನಿಗೆ ಉಪದೇಶವು ಆಗಲೇ ಆಗಿತ್ತು. ಕೇಳಿದ್ದು ನಿಜವೆಂಬ ನಿಶ್ಚಯವು ಅವನಿಗೆ ಬೇಕಾಗಿತ್ತು. ಇದು ಸಣ್ಣ ಸಂಗತಿಯಲ್ಲ. ಹೊಸದಾಗಿ ನಂಬಿದವನನ್ನು ಬಂಧುಗಳು ತಡೆದು ಕೇಳುವಾಗ, ಹಬ್ಬದ ದಿನ ಮನೆಯಲ್ಲಿ ಒಂಟಿಯಾಗಿ ಕೂತಿರುವಾಗ, ತಾನು ಹಿಡಿದದ್ದು ಬಂಡೆಯೋ ಹುಲ್ಲುಕಡ್ಡಿಯೋ ಎಂಬ ಪ್ರಶ್ನೆಯು ಅವನ ಎದೆಯಲ್ಲಿ ಏಳುವದು. ಲೂಕನು ಈ ಪ್ರಶ್ನೆಯನ್ನು ಗದರಿಸಿ ಅಡಗಿಸಲಿಲ್ಲ. ಮೊದಲಿನಿಂದ ಕಣ್ಣಾರೆ ಕಂಡವರು ಒಪ್ಪಿಸಿಕೊಟ್ಟದ್ದನ್ನು ಸೂಕ್ಷ್ಮವಾಗಿ ವಿಚಾರಿಸಿ ಕ್ರಮವಾಗಿ ಬರೆದು ಉತ್ತರಕೊಟ್ಟನು. ಅವನು ಬರೆದ ಕಾಲವು 70ಕ್ಕೂ 90ಕ್ಕೂ ನಡುವೆ ಎಂದು ಪಂಡಿತರಲ್ಲಿ ಅನೇಕರು ಎಣಿಸುತ್ತಾರೆ.

ಆ ಸುವಾರ್ತೆಯ ಮುಖ್ಯ ತಾತ್ಪರ್ಯವೇನಂದರೆ, ದೇವರ ರಕ್ಷಣೆಯು ಹೊರಗೆ ನಿಂತವನನ್ನು ಹುಡುಕಿಕೊಂಡು ಬರುತ್ತದೆ ಎಂಬದೇ. ಮತ್ತಾಯನು ಕರ್ತನ ವಂಶಾವಳಿಯನ್ನು ಅಬ್ರಹಾಮನಿಂದ ಆರಂಭಿಸುತ್ತಾನೆ. ಲೂಕನಾದರೋ ಅದನ್ನು ಮನುಷ್ಯರೆಲ್ಲರಿಗೂ ಮೂಲಪಿತನಾದ ಆದಾಮನ ವರೆಗೆ ಏರಿಸುತ್ತಾನೆ. ರಕ್ಷಕನು ಹುಟ್ಟಿದ ಸುದ್ದಿಯು ರಾತ್ರಿಯಲ್ಲಿ ಕುರೀಹಿಂಡನ್ನು ಕಾಯುತ್ತಿದ್ದವರಿಗೆ ಮೊದಲು ಬಂತೆಂದು ಹೇಳುವವನು ಅವನೇ. ಯೇಸು ತನ್ನ ಸ್ವಂತ ಊರಾದ ನಜರೇತಿನ ಸಭಾಮಂದಿರದಲ್ಲಿ ಚರೆಪ್ತದ ವಿಧವೆಯನ್ನೂ ಸಿರಿಯದ ನಾಮಾನನನ್ನೂ ನೆನಪಿಗೆ ತಂದಾಗ, ಅನ್ಯರಿಗೆ ದೊರೆತ ಕೃಪೆಯನ್ನು ಕೇಳಲಾರದೆ ಊರವರು ಆತನನ್ನು ಗುಡ್ಡದಿಂದ ದೊಬ್ಬುವದಕ್ಕೆ ಎಳೆದುಕೊಂಡು ಹೋದರು. ಕೃಪೆಯು ನೆರೆಯವನಿಗೆ ಸಿಕ್ಕಿದರೆ ಉರಿಯುವ ಹೊಟ್ಟೆಯು ಆ ಊರಿನಲ್ಲಿ ಮಾತ್ರ ಇತ್ತೇ?

ಲೂಕನೊಬ್ಬನೇ ಬರೆದಿಟ್ಟ ಸಂಗತಿಗಳನ್ನು ಕೂಡಿಸಿ ನೋಡಿರಿ. ಗಾಯಪಟ್ಟವನನ್ನು ಎತ್ತಿಕೊಂಡು ಹೋದ ಸಮಾರ್ಯದವನು, ಗುಣಹೊಂದಿದ ಹತ್ತು ಮಂದಿ ಕುಷ್ಠರೋಗಿಗಳಲ್ಲಿ ಉಪಕಾರಸ್ತುತಿಮಾಡಲು ಹಿಂದಿರುಗಿದ ಮತ್ತೊಬ್ಬ ಸಮಾರ್ಯದವನು, ದೂರದಲ್ಲಿ ನಿಂತು ಎದೆಬಡುಕೊಂಡ ಸುಂಕದವನು, ಮರವನ್ನೇರಿದ ಜಕ್ಕಾಯನು, ಶಿಲುಬೆಯ ಮೇಲೆ ಕಡೇ ಗಳಿಗೆಯಲ್ಲಿ ಬೇಡಿಕೊಂಡು ಪರದೈಸಿನ ಮಾತನ್ನು ಕೇಳಿದ ದುಷ್ಕರ್ಮಿಯು. ಇವರೆಲ್ಲರೂ ಲೋಕದ ಲೆಕ್ಕದಲ್ಲಿ ಬಾಗಿಲ ಹೊರಗಿನವರೇ. ಒಬ್ಬನೇ ಮಗನನ್ನು ಕಳಕೊಂಡ ನಾಯಿನೂರಿನ ವಿಧವೆ, ಹದಿನೆಂಟು ವರುಷ ನಡುಬೊಗ್ಗಿದ್ದ ಹೆಂಗಸು, ದೇವಾಲಯದಲ್ಲಿ ಕಾದಿದ್ದ ಮುದುಕಿಯಾದ ಅನ್ನಳು, ತಮ್ಮ ಆಸ್ತಿಯಿಂದ ಕರ್ತನಿಗೆ ಉಪಚಾರಮಾಡಿದ ಸ್ತ್ರೀಯರು, ಇವರನ್ನೂ ಅವನು ಮರೆಯಲಿಲ್ಲ. ಐಶ್ವರ್ಯವಂತರಿಗೆ ಅವನು ಕೊಡುವ ಎಚ್ಚರಿಕೆಯೂ ಕಠಿಣವಾದದ್ದೇ: ಕಣಜಗಳನ್ನು ದೊಡ್ಡದು ಮಾಡಲು ಯೋಚಿಸಿದ ರಾತ್ರಿಯೇ ಪ್ರಾಣವನ್ನು ಒಪ್ಪಿಸಬೇಕಾದವನೂ, ಬಾಗಿಲಲ್ಲಿ ಬಿದ್ದಿದ್ದ ಲಾಜರನನ್ನು ಕಾಣದೆ ಹೋದ ಐಶ್ವರ್ಯವಂತನೂ ಅವನ ಪುಸ್ತಕದಲ್ಲಿಯೇ ಇದ್ದಾರೆ.

ಇನ್ನೊಂದು ಎಳೆಯು ಪ್ರಾರ್ಥನೆಯದು. ಯೇಸು ದೀಕ್ಷಾಸ್ನಾನದ ಸಮಯದಲ್ಲಿಯೂ, ಹನ್ನೆರಡು ಮಂದಿಯನ್ನು ಆರಿಸಿಕೊಳ್ಳುವ ಮುಂಚೆ ರಾತ್ರಿಯೆಲ್ಲಾ ಬೆಟ್ಟದ ಮೇಲೆಯೂ, ತನ್ನನ್ನು ಶಿಲುಬೆಗೆ ಹಾಕಿದವರಿಗೋಸ್ಕರವೂ ಪ್ರಾರ್ಥಿಸಿದನೆಂದು ಲೂಕನು ತೋರಿಸುತ್ತಾನೆ. ಪ್ರಾರ್ಥನೆಯ ಜೊತೆಯಲ್ಲಿ ಸಂತೋಷವೂ ಇದೆ: ಪುಸ್ತಕವು ದೇವಾಲಯದ ಪ್ರಾರ್ಥನೆಯಿಂದ ಆರಂಭವಾಗಿ, ಪುನರುತ್ಥಾನವನ್ನು ಕಂಡವರ ಸ್ತೋತ್ರದಿಂದ ಅದೇ ದೇವಾಲಯದಲ್ಲಿ ಮುಗಿಯುತ್ತದೆ.

ಹದಿನೈದನೆಯ ಅಧ್ಯಾಯದ ಕಳೆದುಹೋದ ಮಗನ ಸಾಮ್ಯವನ್ನು ನಾವೆಲ್ಲರೂ ಬಲ್ಲೆವು. ಆದರೆ ಅದರ ಕಡೇ ಭಾಗವನ್ನು ಬೇಗನೆ ದಾಟಿಬಿಡುತ್ತೇವೆ. ಹಿರೀಮಗನು ಹೊಲದಿಂದ ಬಂದು, ತಮ್ಮನಿಗಾಗಿ ನಡೆದ ಔತಣವನ್ನು ತಿಳಿದು, ಕೋಪಗೊಂಡು ಹೊರಗೆ ನಿಂತನು. ತಂದೆಯು ಹೊರಗೆ ಬಂದು ಅವನನ್ನೂ ಬೇಡಿಕೊಂಡನು. ಅವನು ಒಳಗೆ ಹೋದನೋ ಇಲ್ಲವೋ ಎಂಬದನ್ನು ಸಾಮ್ಯವು ಹೇಳುವದಿಲ್ಲ. ಉತ್ತರವನ್ನು ಕೇಳುವವರೇ ಕೊಡಬೇಕು. ನಮ್ಮ ತಾತಂದಿರು ಹೊರಗಿನವರಾಗಿ ಬಂದು ಕೃಪೆಯಿಂದಲೇ ಸೇರಿಸಲ್ಪಟ್ಟವರು. ಈಗ ಬೇರೆ ಕೇರಿಯಿಂದಲೋ ಬೇರೆ ಕುಲದಿಂದಲೋ ಒಬ್ಬನು ನಮ್ಮ ಗುಡಿಯ ಹೊಸ್ತಿಲಿಗೆ ಬಂದರೆ, ಅವನಿಗೆ ಚಾಪೆಯ ಮೇಲೆ ಸ್ಥಳ ಬಿಡುತ್ತೇವೋ? ಕರ್ತನ ಭೋಜನದಲ್ಲಿ ಅವನ ಪಕ್ಕದಲ್ಲಿ ಕೂಡ್ರುತ್ತೇವೋ? ಹಾಗೆ ಮಾಡದಿದ್ದರೆ ಒಳಗಿದ್ದೇವೆಂದು ಎಣಿಸಿಕೊಂಡ ನಾವೇ ಹಿರೀಮಗನ ಹಾಗೆ ಹೊರಗೆ ನಿಂತವರಾಗುವೆವು.

ಲೂಕನು ಬರೆದಂತೆಯೇ ಬಾಳಿದನು. ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ ಪೌಲನು ಬೇಡಿಗಳಲ್ಲಿದ್ದು ಮರಣವನ್ನು ಎದುರುನೋಡುತ್ತಿರುವದನ್ನು ಕಾಣುತ್ತೇವೆ. ದೇಮನು ಲೋಕವನ್ನು ಪ್ರೀತಿಸಿ ಬಿಟ್ಟುಹೋದನು. ಬೇರೆಯವರು ಬೇರೆ ಸ್ಥಳಗಳಿಗೆ ತೆರಳಿದ್ದರು. ಬಳಿಯಲ್ಲಿ ಉಳಿದವನು ಲೂಕನೊಬ್ಬನೇ. ಎಲ್ಲರೂ ಬಿಟ್ಟವನ ಬಳಿಯಲ್ಲಿ ನಿಲ್ಲುವದು ಅವನ ಸುವಾರ್ತೆಯ ಸಾರವಷ್ಟೇ.

ಈ ಪುಸ್ತಕದಲ್ಲಿ 24 ಅಧ್ಯಾಯಗಳಿವೆ. ಈ ತಿಂಗಳಲ್ಲಿ ಸಂಜೆಗೆ ಒಂದೊಂದು ಅಧ್ಯಾಯದಂತೆ ದೀಪದ ಮುಂದೆ ಓದಿರಿ. ಓದುಬಲ್ಲ ಮಕ್ಕಳು ಓದಲಿ, ಅಕ್ಷರವರಿಯದ ಹಿರಿಯರು ಕೇಳಲಿ. ಪ್ರತಿ ಅಧ್ಯಾಯವು ಮುಗಿದಾಗ, ಇದರಲ್ಲಿ ಹೊರಗೆ ನಿಂತಿದ್ದವನು ಯಾರು, ಕರ್ತನು ಅವನಿಗೆ ಏನು ಮಾಡಿದನು ಎಂದು ಒಬ್ಬರನ್ನೊಬ್ಬರು ಕೇಳಿರಿ. ಥೆಯೊಫಿಲನಿಗೆ ಬೇಕಾಗಿದ್ದ ನಿಶ್ಚಯವನ್ನು ದೇವರು ನಮ್ಮೆಲ್ಲರ ಮನೆಗಳಿಗೂ ದಯಪಾಲಿಸಲಿ.